ಆಟೋ ನಿಲ್ದಾಣ ಉಳಿಸಿಕೊಂಡ ನಟ: ಶಂಕರ್ ನಾಗ್ ಅವರ ಹನ್ನೆರಡು ವರ್ಷ

ಹುಬ್ಬಳ್ಳಿಯ ಚನ್ನಮ್ಮ ವೃತ್ತದ ಸುತ್ತ ಓಡಾಡುವ ಆಟೋಗಳ ಬೆನ್ನ ಮೇಲೆ ಮೂವರು ಮತ್ತೆ ಮತ್ತೆ ಕಾಣಿಸುತ್ತಾರೆ: ಸಿದ್ಧಾರೂಢ ಸ್ವಾಮಿಗಳು, ಸಂಗೊಳ್ಳಿ ರಾಯಣ್ಣ, ಶಂಕರ್ ನಾಗ್. ಮೊದಲನೆಯವರು ಊರಿನ ಗುರು, ಎರಡನೆಯವನು ನಾಡಿನ ವೀರ. ಮೂರನೆಯವರು 1990ರಲ್ಲಿ ತೀರಿಕೊಂಡ ಸಿನಿಮಾ ನಟ. ಇಂದು ಆ ಆಟೋ ಓಡಿಸುವ ಅನೇಕರು ಆಗ ಹುಟ್ಟಿಯೇ ಇರಲಿಲ್ಲ. ಅವರ ಚಿತ್ರ ಬಿಡುಗಡೆಯಾದ ದಿನ ಇವರು ಸಾಲಿನಲ್ಲಿ ನಿಂತಿಲ್ಲ, ಟಿಕೆಟ್ ಹರಿಸಿಲ್ಲ, ಕಟೌಟಿಗೆ ಹಾರ ಹಾಕಿಲ್ಲ. ಆದರೂ ಗಾಜಿನ ಮೇಲೆ ಅವರ ಮುಖ, ನಿಲ್ದಾಣದ ಫಲಕದಲ್ಲಿ ಅವರ ಹೆಸರು. ಗದಗಿನಲ್ಲೂ ಹಾವೇರಿಯಲ್ಲೂ ಇದೇ ನೋಟ.

ಕನ್ನಡದಲ್ಲಿ ಅವರಿಗಿಂತ ಹೆಚ್ಚು ಯಶಸ್ವಿ ಚಿತ್ರ ಕೊಟ್ಟವರಿದ್ದಾರೆ, ಹೆಚ್ಚು ಕಾಲ ಬಾಳಿದವರಿದ್ದಾರೆ, ಹೆಚ್ಚು ಪ್ರಶಸ್ತಿ ಪಡೆದವರೂ ಇದ್ದಾರೆ. ಹಾಗಿದ್ದರೂ ಶಂಕರ್ ನಾಗ್ ಅವರೇ ಏಕೆ? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ‘ಆಟೋರಾಜ’ ಎಂಬ ಚಿತ್ರ ಮಾಡಿದರು, ಹಾಗಾಗಿ ಎಂಬುದು ಒಂದು. ಚಿಕ್ಕ ವಯಸ್ಸಿನಲ್ಲಿ ಹೋದರು, ಹಾಗಾಗಿ ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ, ಆದರೆ ಎರಡೂ ಸಾಲದು. ಆಟೋ ಚಾಲಕನ ಪಾತ್ರ ಮಾಡಿದ ನಟರು ಭಾರತದಲ್ಲಿ ಬೇಕಾದಷ್ಟು ಜನ. ಎಳೆಯ ವಯಸ್ಸಿನಲ್ಲಿ ಅಗಲಿದ ನಟರೂ ಕಡಿಮೆಯಿಲ್ಲ. ಉತ್ತರ ಅವರ ಕೆಲಸದ ಒಳಗೇ ಇದೆ ಎಂದು ನನ್ನ ನಂಬಿಕೆ. ಅದನ್ನು ಕಾಣಬೇಕಾದರೆ ಮೊದಲು ಕಲ್ಟ್ ಎಂಬ ಸಂಗತಿ ಹೇಗೆ ಹುಟ್ಟುತ್ತದೆ ಎಂದು ತಿಳಿದುಕೊಳ್ಳಬೇಕು.

ಯಶಸ್ವಿ ಚಿತ್ರ ಎಂದರೆ ತನ್ನ ಕಾಲದಲ್ಲಿ ಹಣ ತಂದದ್ದು. ಶ್ರೇಷ್ಠ ಚಿತ್ರ ಎಂದರೆ ಬಲ್ಲವರು ಒಪ್ಪಿದ್ದು. ಕಲ್ಟ್ ಚಿತ್ರಕ್ಕೆ ಇವೆರಡರ ಹಂಗೂ ಇಲ್ಲ. ಅದನ್ನು ಉಳಿಸುವುದು ಒಂದು ಗುಂಪು. ಆ ಗುಂಪಿನವರು ಚಿತ್ರವನ್ನು ಒಮ್ಮೆ ನೋಡಿ ಸುಮ್ಮನಾಗುವುದಿಲ್ಲ. ಪದೇ ಪದೇ ನೋಡುತ್ತಾರೆ, ಮಾತುಗಳನ್ನು ಬಾಯಿಪಾಠ ಮಾಡುತ್ತಾರೆ, ತಮ್ಮ ಬದುಕಿನ ಗುರುತಾಗಿ ಅದನ್ನು ಧರಿಸುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಕೊಡುವ ಹಳೆಯ ಉದಾಹರಣೆ 1975ರ ‘ದಿ ರಾಕಿ ಹಾರರ್ ಪಿಕ್ಚರ್ ಶೋ’. ಬಿಡುಗಡೆಯಾದಾಗ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುವರ್ಷ ನ್ಯೂಯಾರ್ಕಿನ ಚಿತ್ರಮಂದಿರವೊಂದು ಮಧ್ಯರಾತ್ರಿಯ ಪ್ರದರ್ಶನಕ್ಕೆ ಹಾಕಿದಾಗ ಪ್ರೇಕ್ಷಕರು ಪಾತ್ರಗಳ ವೇಷ ತೊಟ್ಟು ಬರತೊಡಗಿದರು. ನಮ್ಮಲ್ಲಿ 1995ರ ‘ಓಂ’ ಐನೂರಕ್ಕೂ ಹೆಚ್ಚು ಬಾರಿ ಮರುಬಿಡುಗಡೆ ಕಂಡಿತೆಂಬುದು ಗಾಂಧಿನಗರದ ಹೆಮ್ಮೆಯ ಮಾತು. ಅದು ಮೊದಲ ಬಿಡುಗಡೆಯಲ್ಲೇ ಗೆದ್ದ ಚಿತ್ರ. ಹಾಗಾಗಿ ಸೋತ ಚಿತ್ರವೇ ಕಲ್ಟ್ ಆಗಬೇಕೆಂಬ ನಿಯಮವೂ ಇಲ್ಲ. ಮರಳಿ ಮರಳಿ ನೋಡುವ ಜನ ಮತ್ತು ಹಾಗೆ ನೋಡಲು ಅನುಕೂಲ ಮಾಡಿಕೊಡುವ ವ್ಯವಸ್ಥೆ, ಇವೆರಡೇ ಬೇಕಾದದ್ದು.

ನಟನೊಬ್ಬ ಹೀಗಾಗುವುದು ಇನ್ನೂ ತೊಡಕಿನ ವಿಷಯ. ಚಿತ್ರ ಒಮ್ಮೆ ಸಿದ್ಧವಾದರೆ ಬದಲಾಗುವುದಿಲ್ಲ, ನಟ ಮಾತ್ರ ವರ್ಷಕ್ಕೆ ನಾಲ್ಕಾರು ಮುಖಗಳಲ್ಲಿ ಬರುತ್ತಾನೆ. ಸಾಮಾನ್ಯವಾಗಿ ಒಂದು ಪಾತ್ರ ಅವನಿಗೆ ಅಂಟಿಕೊಳ್ಳುತ್ತದೆ, ಉಳಿದದ್ದು ಮರೆತುಹೋಗುತ್ತದೆ. ಶಂಕರ್ ನಾಗ್ ಅವರ ವಿಷಯದಲ್ಲಿ ಹಾಗಾಗಲಿಲ್ಲ. ಫಿಲ್ಮ್ ಸೊಸೈಟಿಯವರನ್ನು ಕೇಳಿದರೆ ‘ಒಂದಾನೊಂದು ಕಾಲದಲ್ಲಿ’, ‘ಮಿಂಚಿನ ಓಟ’, ‘ಆಕ್ಸಿಡೆಂಟ್’ ಎನ್ನುತ್ತಾರೆ. ಆಟೋ ನಿಲ್ದಾಣದಲ್ಲಿ ಕೇಳಿದರೆ ‘ಆಟೋರಾಜ’, ‘ಎಸ್.ಪಿ. ಸಾಂಗ್ಲಿಯಾನ’ ಎಂಬ ಉತ್ತರ ಬರುತ್ತದೆ. ಕನ್ನಡ ಬಾರದ ಉತ್ತರ ಭಾರತದವರಿಗೆ ಅವರು ‘ಮಾಲ್ಗುಡಿ ಡೇಸ್’ ಕೊಟ್ಟವರು. ಈ ಮೂರು ಪಟ್ಟಿಗಳು ಒಂದಕ್ಕೊಂದು ಸಂಬಂಧವಿಲ್ಲದವೆಂದು ತಿಳಿಯುವುದೇ ಅವರನ್ನು ಅರ್ಥಮಾಡಿಕೊಳ್ಳಲು ಇರುವ ದೊಡ್ಡ ಅಡ್ಡಿ. ಕಲಾತ್ಮಕ ಚಿತ್ರದ ಶಂಕರ್ ನಾಗ್ ಬೇರೆ, ಹೊಡೆದಾಟದ ಶಂಕರ್ ನಾಗ್ ಬೇರೆ ಎಂದು ಬರೆದವರೇ ಹೆಚ್ಚು. ನಾನು ಅದನ್ನು ಒಪ್ಪುವುದಿಲ್ಲ.

ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಬಳಿಯ ಮಲ್ಲಾಪುರದಲ್ಲಿ. ಮನೆಮಾತು ಕೊಂಕಣಿ. ಅಣ್ಣ ಅನಂತ್ ನಾಗ್ ಅವರಂತೆ ಇವರೂ ಮುಂಬೈ ಸೇರಿ ಅಲ್ಲಿನ ರಂಗಭೂಮಿಯಲ್ಲಿ ಪಳಗಿದರು. ಮುಂದೆ ಬಾಳಸಂಗಾತಿಯಾದ ಅರುಂಧತಿಯವರ ಪರಿಚಯವಾದದ್ದೂ ಆ ರಂಗಭೂಮಿಯಲ್ಲೇ. 1979ರ ಮರಾಠಿ ಚಿತ್ರ ‘22 ಜೂನ್ 1897’ರ ಬರವಣಿಗೆಯಲ್ಲಿ ಇವರ ಪಾಲಿದೆ. ಅಂದರೆ ಕನ್ನಡಕ್ಕೆ ಬಂದಾಗ ಅವರು ಅವಕಾಶಕ್ಕಾಗಿ ಅಲೆಯುತ್ತಿದ್ದ ಹುಡುಗನಾಗಿರಲಿಲ್ಲ. ನಾಟಕ ಕಟ್ಟುವುದು, ಬರೆಯುವುದು, ಬೆಳಕು ಹೊಂದಿಸುವುದು, ರಂಗಸಜ್ಜಿಕೆ ಹೊರುವುದು ಎಲ್ಲವನ್ನೂ ಒಟ್ಟಿಗೆ ಮಾಡಿ ಕಲಿತ ಕೆಲಸಗಾರರಾಗಿದ್ದರು. ಕೆಲಸಗಾರ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ, ಮುಂದೆ ಅದು ಬೇಕಾಗುತ್ತದೆ.

ಅವರನ್ನು ಕನ್ನಡದ ತೆರೆಗೆ ತಂದವರು ನಮ್ಮ ಧಾರವಾಡದ ಗಾಳಿಯಲ್ಲಿ ಬೆಳೆದ ಗಿರೀಶ್ ಕಾರ್ನಾಡರು. ಕರ್ನಾಟಕ ಕಾಲೇಜಿನಲ್ಲಿ ಓದಿ, ಮನೋಹರ ಗ್ರಂಥಮಾಲೆಯ ಅಟ್ಟದಿಂದ ನಾಟಕಕಾರರಾಗಿ ಹೊರಬಂದ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ನಿರ್ದೇಶಿಸಿದರು. ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರಭಾವವನ್ನು ಮುಚ್ಚಿಡದೆ ಒಪ್ಪಿಕೊಂಡ ಚಿತ್ರ ಅದು. ಹೊಯ್ಸಳರ ಕಾಲ, ಮಲೆನಾಡಿನ ಕಾಡು, ದಾಯಾದಿಗಳ ಜಗಳ. ಅದರ ನಡುವೆ ಸಂಬಳಕ್ಕೆ ಕತ್ತಿ ಹಿಡಿಯುವ ಗಂಡುಗಲಿಯಾಗಿ ಶಂಕರ್ ನಾಗ್. ಎದುರಿಗೆ ಪೆರ್ಮಾಡಿಯಾಗಿ ಸುಂದರ್ ಕೃಷ್ಣ ಅರಸ್, ಆ ಗಡಸು ದನಿಯ ಅರಸ್. ಗಂಡುಗಲಿಗೆ ರಾಜ್ಯವೂ ಬೇಡ, ಕೀರ್ತಿಯೂ ಬೇಡ. ಅವನ ಬಳಿ ಇರುವುದು ಕಲಿತ ವಿದ್ಯೆ ಒಂದೇ, ಅದನ್ನು ಕೂಲಿಗೆ ಕೊಡುತ್ತಾನೆ. ಆ ಪಾತ್ರಕ್ಕೆ 1979ರ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಮೊದಲ ಕನ್ನಡ ಚಿತ್ರಕ್ಕೇ ಅಂಥ ಗೌರವ ಪಡೆದ ನಟ ಮುಂದೆ ಅದೇ ಬಗೆಯ ಚಿತ್ರಗಳನ್ನಷ್ಟೇ ಆರಿಸಿಕೊಳ್ಳುತ್ತಾನೆಂದು ಎಲ್ಲರೂ ಎಣಿಸುವುದು ಸಹಜ. ಅವರು 1979ರಲ್ಲಿ ‘ಸೀತಾರಾಮು’ ಮಾಡಿದರು, ಅದು ಅಪ್ಪಟ ವ್ಯಾಪಾರಿ ಚಿತ್ರ. ಜನ ಕೈಹಿಡಿದರು. ಅಲ್ಲಿಂದ ಎರಡು ದಾರಿಗಳಲ್ಲೂ ಒಟ್ಟಿಗೆ ನಡೆಯತೊಡಗಿದರು.

1980ನೇ ಇಸವಿಯಲ್ಲಿ ಸ್ವಲ್ಪ ನಿಲ್ಲಬೇಕು. ಆ ಒಂದು ವರ್ಷವನ್ನು ಹತ್ತಿರದಿಂದ ನೋಡಿದರೆ ಇಡೀ ವೃತ್ತಿಜೀವನದ ಕೀಲಿಕೈ ಸಿಗುತ್ತದೆ.

ಆ ವರ್ಷ ವಿಜಯ್ ನಿರ್ದೇಶನದ ‘ಆಟೋರಾಜ’ ಬಂದಿತು. ರಾಜನ್-ನಾಗೇಂದ್ರರ ಸಂಗೀತ, ಗಾಯತ್ರಿ ನಾಯಕಿ, ಇಂದಿಗೂ ಆರ್ಕೆಸ್ಟ್ರಾದವರು ಬಿಡದ ‘ನಲಿವಾ ಗುಲಾಬಿ ಹೂವೆ’. ಅದೇ ವರ್ಷ ಅವರು ಸ್ವತಃ ನಿರ್ದೇಶಿಸಿದ ‘ಮಿಂಚಿನ ಓಟ’ವೂ ಬಂದಿತು. ಅಣ್ಣ ಅನಂತ್ ನಾಗ್, ಹಿರಿಯ ನಟ ಲೋಕನಾಥ್ ಮತ್ತು ಶಂಕರ್ ಅದರಲ್ಲಿ ಕಾರು ಕದಿಯುವವರು. ಸೆರೆಮನೆ, ಅಲ್ಲಿಂದ ತಪ್ಪಿಸಿಕೊಳ್ಳುವ ಯೋಜನೆ, ಓಟ. ರಾಜ್ಯ ಪ್ರಶಸ್ತಿಗಳ ಸುರಿಮಳೆಯೇ ಆ ಚಿತ್ರಕ್ಕೆ ಬಂದಿತು. ಒಂದು ಚಿತ್ರದಲ್ಲಿ ವಾಹನ ಹೊಟ್ಟೆಪಾಡು, ಇನ್ನೊಂದರಲ್ಲಿ ವಾಹನ ಕಳ್ಳಮಾಲು. ಒಂದರಲ್ಲಿ ಹಾಡಿ ಕುಣಿಯುವ ನಾಯಕ, ಇನ್ನೊಂದರಲ್ಲಿ ಮೈಮೇಲೆ ಮಣ್ಣು ಮೆತ್ತಿಕೊಂಡ ಕಳ್ಳ. ಎರಡರಲ್ಲೂ ಆತ ಬೀದಿಯಲ್ಲಿ ಬದುಕುವವನು, ಕೈಯಲ್ಲಿ ಬಂಡವಾಳವಿಲ್ಲದವನು, ಯಂತ್ರದ ಮರ್ಮ ಬಲ್ಲವನು. ಮುಂದೆ ಇದು ಹಾಗೆಯೇ ಸಾಗುತ್ತದೆ. 1985ರ ‘ಆಕ್ಸಿಡೆಂಟ್’ನ ಕೇಂದ್ರದಲ್ಲಿ ಪಾದಚಾರಿ ಮಾರ್ಗದಲ್ಲಿ ಮಲಗಿದವರ ಮೇಲೆ ಹರಿದ ಶ್ರೀಮಂತರ ಕಾರು ಇದೆ. 1987ರಲ್ಲಿ ‘ಲಾರಿ ಡ್ರೈವರ್’ ಎಂಬ ಚಿತ್ರವೇ ಇದೆ. ರಸ್ತೆ ಅವರ ಚಿತ್ರಗಳಲ್ಲಿ ಬರಿಯ ಹಿನ್ನೆಲೆಯಲ್ಲ. ಯಾರು ಯಾರ ಮೇಲೆ ಹರಿಯುತ್ತಾರೆ, ಯಾರು ಓಡಿಸುತ್ತಾರೆ, ಯಾರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ ಎಂಬ ಪ್ರಶ್ನೆ ಅಲ್ಲಿ ಸದಾ ಇರುತ್ತದೆ.

‘ಆಕ್ಸಿಡೆಂಟ್’ ಬಗ್ಗೆ ಇನ್ನೂ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ವಸಂತ ಮೋಕಾಶಿಯವರು ಬರೆದ ಆ ಚಿತ್ರವನ್ನು ನಿರ್ದೇಶಿಸಿದವರು ಶಂಕರ್ ನಾಗ್. ಅಮಲಿನಲ್ಲಿ ಕಾರು ಓಡಿಸಿದವನು ಪ್ರಭಾವಿ ರಾಜಕಾರಣಿಯ ಮಗ. ಆ ರಾಜಕಾರಣಿ ಧರ್ಮಾಧಿಕಾರಿಯಾಗಿ ಅನಂತ್ ನಾಗ್, ಸತ್ಯದ ಬೆನ್ನು ಹತ್ತುವ ಪತ್ರಕರ್ತ ರಾವ್ ಆಗಿ ಶಂಕರ್. ಅಷ್ಟು ಹೊತ್ತಿಗೆ ಅವರು ಹೊಡೆದಾಟದ ನಾಯಕರಾಗಿ ಹೆಸರು ಮಾಡಿದ್ದರು, ‘ಕರಾಟೆ ಕಿಂಗ್’ ಎಂಬ ಬಿರುದೂ ಅಂಟಿತ್ತು. ಖಳರನ್ನು ಸಾಲಾಗಿ ಕೆಡಹುವ ನಾಯಕನನ್ನು ಇಲ್ಲಿಯೂ ಇಟ್ಟಿದ್ದರೆ ಗಲ್ಲಾಪೆಟ್ಟಿಗೆ ತುಂಬುವುದು ಸುಲಭವಿತ್ತು. ಆದರೆ ರಾವ್ ಕೈ ಎತ್ತುವುದಿಲ್ಲ, ಕೇಳುತ್ತಾನೆ, ಬರೆಯುತ್ತಾನೆ, ಬಾಗಿಲಿಂದ ಬಾಗಿಲಿಗೆ ಹೋಗುತ್ತಾನೆ. ಅವನ ಎದುರಿಗಿರುವುದು ಒಬ್ಬ ದುಷ್ಟನಲ್ಲ. ಪೊಲೀಸ್ ಠಾಣೆ, ಆಸ್ಪತ್ರೆ, ಚುನಾವಣೆ, ಹಣ ಎಲ್ಲವೂ ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಗೋಡೆ. ಇಳಯರಾಜ ಅವರ ಹಿನ್ನೆಲೆ ಸಂಗೀತ ಆ ಉಸಿರುಗಟ್ಟುವಿಕೆಯನ್ನು ಹೆಚ್ಚಿಸುತ್ತದೆ. ಸಾಮಾಜಿಕ ವಿಷಯ ಕುರಿತ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಿತು. ಇಂದು ಶ್ರೀಮಂತರ ಮನೆಯ ಹುಡುಗನ ಕಾರು ಬಡವರ ಮೇಲೆ ಹರಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಈ ಚಿತ್ರ ಮತ್ತೆ ಹೊಸದಾಗುತ್ತದೆ. ಅವರ ನಿರ್ದೇಶನದ ಚಿತ್ರಗಳಲ್ಲಿ ಇದಕ್ಕೇ ನನ್ನ ಮೊದಲ ಮಣೆ.

ಈಗ ಹಣದ ವಿಷಯ, ಅದಿಲ್ಲದೆ ಈ ವೃತ್ತಿಜೀವನ ಅರ್ಥವಾಗುವುದಿಲ್ಲ. ಹನ್ನೆರಡು ವರ್ಷಗಳಲ್ಲಿ ಅವರು ನಟಿಸಿದ್ದು ಸುಮಾರು ಎಂಬತ್ತರಿಂದ ತೊಂಬತ್ತು ಚಿತ್ರಗಳಲ್ಲಿ. ಅವುಗಳಲ್ಲಿ ಒಳ್ಳೆಯವು ಎಷ್ಟು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಪಟ್ಟಿ ಚಿಕ್ಕದಾಗುತ್ತದೆ. ಅವಸರದಲ್ಲಿ ಮುಗಿಸಿದ ಚಿತ್ರಗಳಿವೆ, ಒಂದೇ ಕತೆಯನ್ನು ಹೆಸರು ಬದಲಿಸಿ ಹೇಳಿದ ಚಿತ್ರಗಳಿವೆ. ಅಭಿಮಾನಿಗಳು ಇದನ್ನು ಹೇಳಿದರೆ ಮುನಿಸಿಕೊಳ್ಳುತ್ತಾರೆ, ಆದರೆ ಮುಚ್ಚಿಡುವುದರಲ್ಲಿ ಶಂಕರ್ ನಾಗ್ ಅವರಿಗೇನೂ ಗೌರವವಿಲ್ಲ. ಆ ಸಂಪಾದನೆ ಎಲ್ಲಿಗೆ ಹೋಯಿತೆಂದು ನೋಡಿದರೆ ನಮ್ಮ ನೋಟ ಬದಲಾಗುತ್ತದೆ. ‘ಸಂಕೇತ್’ ಎಂಬ ನಾಟಕ ತಂಡ ಕಟ್ಟಿದರು. ‘ಅಂಜುಮಲ್ಲಿಗೆ’, ‘ಸಂಧ್ಯಾಛಾಯಾ’, ‘ನೋಡಿ ಸ್ವಾಮಿ ನಾವಿರೋದೇ ಹೀಗೆ’, ಕಾರ್ನಾಡರ ‘ನಾಗಮಂಡಲ’ ಆ ತಂಡದಿಂದ ರಂಗಕ್ಕೆ ಬಂದವು. ಹಾಡು, ಮಾತು ಮುದ್ರಿಸಲು ಕನ್ನಡ ಚಿತ್ರರಂಗ ಮದ್ರಾಸಿನ ಕಡೆ ಮುಖಮಾಡಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ಸಂಕೇತ್ ಹೆಸರಿನ ಧ್ವನಿಮುದ್ರಣ ಸ್ಟುಡಿಯೋ ತೆರೆದರು. ಒಂದು ಕೈಯಲ್ಲಿ ಗಳಿಸಿ ಇನ್ನೊಂದು ಕೈಯಲ್ಲಿ ಕಟ್ಟುವ ಕ್ರಮ ಅದು. ‘ಗೀತಾ’ದಂಥ ಚಿತ್ರದಲ್ಲಂತೂ ಎರಡೂ ಕೈ ಒಂದಾದವು. 1981ರಲ್ಲಿ ತಾವೇ ನಿರ್ದೇಶಿಸಿ ನಟಿಸಿದ ಆ ಪ್ರೇಮಕತೆಯ ‘ಜೊತೆಯಲಿ ಜೊತೆಜೊತೆಯಲಿ’ ಮತ್ತು ‘ಸಂತೋಷಕ್ಕೆ’ ಇಲ್ಲದೆ ಇಂದಿಗೂ ಗಣೇಶೋತ್ಸವದ ರಸಮಂಜರಿ ಮುಗಿಯುವುದಿಲ್ಲ.

‘ಮಾಲ್ಗುಡಿ ಡೇಸ್’ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಆರ್.ಕೆ. ನಾರಾಯಣ್ ಅವರ ಕತೆಗಳು, ಆಗುಂಬೆಯ ಬೀದಿಗಳು, ಎಲ್. ವೈದ್ಯನಾಥನ್ ಅವರ ಆ ರಾಗ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಮತ್ತೆ ಗಿರೀಶ್ ಕಾರ್ನಾಡ್. 1986ರಲ್ಲಿ ದೂರದರ್ಶನದಲ್ಲಿ ಶುರುವಾದಾಗ ಶಂಕರ್ ನಾಗ್ ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. ಮರುವರ್ಷ ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿಟ್ಟು ‘ಒಂದು ಮುತ್ತಿನ ಕಥೆ’ ನಿರ್ದೇಶಿಸಿದರು. ನೀರಿನಡಿಯ ಚಿತ್ರೀಕರಣಕ್ಕೆ ಕೈಹಾಕಿದ ಆ ಚಿತ್ರ ರಾಜ್‌ಕುಮಾರ್ ಚಿತ್ರಗಳ ರೂಢಿಯ ದಾರಿ ಬಿಟ್ಟು ನಡೆಯಿತು.

ಇದೇ ಹೊತ್ತಿಗೆ, 1988ರಲ್ಲಿ, ‘ಎಸ್.ಪಿ. ಸಾಂಗ್ಲಿಯಾನ’ ಬಂದಿತು. ಪಿ. ನಂಜುಂಡಪ್ಪ ನಿರ್ದೇಶನ. ಕರ್ನಾಟಕದಲ್ಲಿ ಸೇವೆಯಲ್ಲಿದ್ದ ಐಪಿಎಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರನ್ನೇ ಚಿತ್ರಕ್ಕಿಟ್ಟಿದ್ದರು. ಮರುವರ್ಷ ‘ಸಿಬಿಐ ಶಂಕರ್’, 1990ರಲ್ಲಿ ಸಾಂಗ್ಲಿಯಾನ ಎರಡನೆಯ ಭಾಗ. ಇವುಗಳ ನಡುವೆಯೇ ಹೊಸ ನಿರ್ದೇಶಕ ಸುನೀಲ್‌ಕುಮಾರ್ ದೇಸಾಯಿ ಅವರ ‘ತರ್ಕ’ಕ್ಕೆ ಒಪ್ಪಿಕೊಂಡರು. ಹಾಡೇ ಇಲ್ಲದ ರೋಚಕ ಚಿತ್ರ ಅದು. ಹಾಡಿಲ್ಲದ ಚಿತ್ರವನ್ನು ಹಂಚಿಕೆದಾರರು ಮುಟ್ಟಲೂ ಹಿಂಜರಿಯುತ್ತಿದ್ದ ಕಾಲದಲ್ಲಿ ಹೊಸಬರ ಬೆನ್ನಿಗೆ ನಿಲ್ಲುವ ಧೈರ್ಯ ಅವರ ಜನಪ್ರಿಯತೆಯಿಂದ ಬಂದದ್ದು. ಸಾಂಗ್ಲಿಯಾನ ಇರದಿದ್ದರೆ ತರ್ಕವೂ ಕಷ್ಟವಾಗುತ್ತಿತ್ತು ಎಂದೇ ನನ್ನ ಲೆಕ್ಕ.

ಖಾಕಿ ಅಂಗಿಯ ವಿಷಯಕ್ಕೆ ಬರುತ್ತೇನೆ. ಕರ್ನಾಟಕದ ಆಟೋ ಚಾಲಕನ ಸಮವಸ್ತ್ರ ಖಾಕಿ. ಪೊಲೀಸರದೂ ಖಾಕಿ. ದಿನ ಬೆಳಗಾದರೆ ಈ ಎರಡು ಖಾಕಿಗಳು ಸಿಗ್ನಲ್ಲಿನಲ್ಲಿ ಎದುರುಬದುರಾಗುತ್ತವೆ. ಒಂದು ದಂಡ ಹಾಕುತ್ತದೆ, ಇನ್ನೊಂದು ದಂಡ ಕಟ್ಟುತ್ತದೆ. ಶಂಕರ್ ನಾಗ್ ಎರಡನ್ನೂ ತೊಟ್ಟ ನಟ. 1980ರ ಆಟೋರಾಜ ಎಂಟು ವರ್ಷದ ಮೇಲೆ ಪೊಲೀಸ್ ವರಿಷ್ಠಾಧಿಕಾರಿಯಾಗಿ ಬಂದಾಗ, ಚಾಲಕನ ಕಣ್ಣಿಗೆ ಅದು ನಮ್ಮವನೇ ಅಧಿಕಾರಕ್ಕೆ ಬಂದಂತೆ. ಬೇರೆ ನಾಯಕರು ಪೊಲೀಸ್ ಪಾತ್ರ ಮಾಡಿದರೆ ಅದು ಸಾಹೇಬರ ಪಾತ್ರ. ಇವರು ಮಾಡಿದರೆ ಹಾಗಲ್ಲ. ತೆಳ್ಳಗಿನ ಮೈಕಟ್ಟು, ಸ್ವಲ್ಪ ಒರಟು ದನಿ, ತಿದ್ದಿ ತೀಡದ ಕೂದಲು, ನಡಿಗೆಯಲ್ಲಿ ಅವಸರ. ಬಣ್ಣ ಬಳಿದ ನಾಯಕನ ಮುಖವಲ್ಲ ಅದು, ಎರಡು ಪಾಳಿ ದುಡಿದು ಬಂದವನ ಮುಖ.

ನಾನು ಹತ್ತಿದ ಆಟೋವೊಂದರ ಒಳಗನ್ನು ಇಲ್ಲಿ ವರ್ಣಿಸಬೇಕು. ಕೇಶ್ವಾಪುರದ ಕಡೆ ಓಡುವ ಆಟೋ. ಮುಂದಿನ ಗಾಜಿನ ಮೇಲಂಚಿನಲ್ಲಿ ಹಳದಿ ಕೆಂಪು ಪಟ್ಟಿ, ಎಡಕ್ಕೆ ಸಿದ್ಧಾರೂಢರು, ಬಲಕ್ಕೆ ಖಾಕಿ ಅಂಗಿಯ ಶಂಕರ್ ನಾಗ್. ಆ ಚಿತ್ರದ ಅಂಚು ಬಿಸಿಲಿಗೆ ಮಾಸಿದ್ದರೂ ಮುಖದ ಭಾಗಕ್ಕೆ ಪಾರದರ್ಶಕ ಟೇಪು ಅಂಟಿಸಿ ಕಾಪಾಡಿದ್ದರು. ಮೀಟರಿನ ಮೇಲೆ ಒಂದು ಮಲ್ಲಿಗೆ ಎಸಳು. ಚಾಲಕನಿಗೆ ಇಪ್ಪತ್ತೈದರ ಆಸುಪಾಸು. ಅವರ ಯಾವ ಚಿತ್ರ ನೋಡಿದ್ದೀಯಪ್ಪಾ ಎಂದು ಕೇಳಿದೆ. “ಅಕ್ಕಾ, ಎಲ್ಲ ನೋಡಿಲ್ಲ. ನಮ್ಮಪ್ಪನ ಗಾಡಿಯಲ್ಲಿ ಈ ಫೋಟೋ ಇತ್ತು, ಗಾಡಿ ಬದಲಾಯಿಸಿದಾಗ ಇದನ್ನೂ ಹೊಸದಕ್ಕೆ ಹಾಕಿದೆ” ಎಂದ. ಆಮೇಲೆ ಸಾಂಗ್ಲಿಯಾನ ಚಿತ್ರವನ್ನು ಮೊಬೈಲಿನಲ್ಲಿ ಬಿಡಿಬಿಡಿಯಾಗಿ ನೋಡಿದ್ದನ್ನು ಹೇಳಿದ. ಮೊದಲು ಚಿತ್ರ ನೋಡಿ ಅಭಿಮಾನಿಯಾಗುವುದು ಹಳೆಯ ಕ್ರಮ. ಇಲ್ಲಿ ಅಭಿಮಾನ ಮೊದಲು ಬಂದಿದೆ, ಅಪ್ಪನಿಂದ ಮಗನಿಗೆ, ಗಾಡಿಯ ಜೊತೆಗೆ. ಚಿತ್ರ ಆಮೇಲೆ.

ಅಪ್ಪನಿಗೆ ಹೇಗೆ ಬಂದಿತು ಎಂಬುದಕ್ಕೆ ಚಿತ್ರಗಳ ಓಡಾಟದ ಹಳೆಯ ಪದ್ಧತಿ ತಿಳಿಯಬೇಕು. ರೀಲಿನ ಕಾಲದಲ್ಲಿ ಒಂದು ಕನ್ನಡ ಚಿತ್ರಕ್ಕೆ ಹಾಕುತ್ತಿದ್ದ ಪ್ರಿಂಟುಗಳು ಕಡಿಮೆ. ಸಾವಿರ ಅಡಿಯ ಒಂದು ರೀಲು ತೆರೆಯ ಮೇಲೆ ಓಡುವುದು ಹನ್ನೊಂದು ನಿಮಿಷ, ಅಂದರೆ ಎರಡೂವರೆ ಗಂಟೆಯ ಚಿತ್ರಕ್ಕೆ ಹದಿನಾಲ್ಕು ರೀಲು. ಆ ತಗಡಿನ ಡಬ್ಬಿಗಳು ಮೊದಲು ದೊಡ್ಡ ಊರಿನ ಚಿತ್ರಮಂದಿರದಲ್ಲಿ ಇಳಿಯುತ್ತಿದ್ದವು, ಹುಬ್ಬಳ್ಳಿಯಲ್ಲಿ ಅಪ್ಸರಾ, ಸುಧಾ ಇದ್ದಂತೆ. ಅಲ್ಲಿ ಓಟ ಮುಗಿದ ಮೇಲೆ ತಾಲ್ಲೂಕು ಕೇಂದ್ರಗಳಿಗೆ, ಅಲ್ಲಿಂದ ಹಳ್ಳಿಯ ಟೂರಿಂಗ್ ಟಾಕೀಸಿಗೆ. ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ಕೊನೆಯ ಊರು ತಲುಪುವ ಹೊತ್ತಿಗೆ ಪ್ರಿಂಟು ಸವೆದು ತೆರೆಯ ಮೇಲೆ ಮಳೆ ಸುರಿದಂತೆ ಗೀರುಗಳು. ಹಂಚಿಕೆಯ ಹಕ್ಕನ್ನು ಪ್ರದೇಶವಾರು, ಇಂತಿಷ್ಟು ವರ್ಷಕ್ಕೆಂದು ಮಾರುತ್ತಿದ್ದರು. ಹಕ್ಕು ಕೊಂಡವರು ಅವಧಿ ಮುಗಿಯುವವರೆಗೆ ಆ ಚಿತ್ರವನ್ನು ಎಷ್ಟು ಸಲ ಬೇಕಾದರೂ ಓಡಿಸಬಹುದು. ಹೊಸ ಚಿತ್ರ ಸಿಗದ ವಾರ, ಜಾತ್ರೆಯ ವಾರ, ಹಬ್ಬದ ಮರುದಿನ ಹಳೆಯ ಪ್ರಿಂಟು ಹೊರಬರುತ್ತಿತ್ತು. ಅಂಥ ವಾರಗಳಿಗೆ ಹೇಳಿ ಮಾಡಿಸಿದಂತಿದ್ದವು ಶಂಕರ್ ನಾಗ್ ಅವರ ಹೊಡೆದಾಟದ ಚಿತ್ರಗಳು. ಬಾಡಿಗೆ ಕಡಿಮೆ, ಜನ ಖಂಡಿತ. ಬೆಂಗಳೂರಿನ ವಿಮರ್ಶಕರು ಮೂಗು ಮುರಿದು ಮರೆತ ಚಿತ್ರಗಳು ಶಿಗ್ಗಾಂವಿ, ಮುಂಡರಗಿ, ಹಾನಗಲ್ಲುಗಳಂಥ ಊರುಗಳಲ್ಲಿ ವರ್ಷಗಟ್ಟಲೆ ಬದುಕಿದ ಬಗೆ ಇದು. ನ್ಯೂಯಾರ್ಕಿನ ಮಧ್ಯರಾತ್ರಿಯ ಪ್ರದರ್ಶನ ಮಾಡಿದ ಕೆಲಸವನ್ನು ನಮ್ಮಲ್ಲಿ ಜಾತ್ರೆಯ ಟೆಂಟು ಮಾಡಿತು.

ಇನ್ನೊಂದು ಸಂಗತಿ ಈ ಭಾಗಕ್ಕೇ ಸೇರಿದ್ದು. ಹುಬ್ಬಳ್ಳಿ ಧಾರವಾಡದವರು ಹಿಂದಿ, ಮರಾಠಿ ಚಿತ್ರಗಳನ್ನು ಕನ್ನಡ ಚಿತ್ರಗಳಷ್ಟೇ ಸಲೀಸಾಗಿ ನೋಡಿದವರು. ಹೊಡೆದಾಟದ ನಾಯಕ ಬೇಕೆಂದರೆ ಅಮಿತಾಭ್ ಬಚ್ಚನ್ ಇದ್ದರು. ಧಾರವಾಡದ ಸಾಹಿತಿಗಳು ಮುಂಚೂಣಿಯಲ್ಲಿದ್ದ ಗೋಕಾಕ್ ಚಳವಳಿ 1982ರಲ್ಲಿ ರಾಜ್‌ಕುಮಾರ್ ಬಂದಮೇಲೆ ಬೀದಿಬೀದಿಗೆ ಹರಡಿತು. ದುಡಿಯುವ ಹುಡುಗರಲ್ಲಿ ಕನ್ನಡದ ಬಾವುಟ ಹಿಡಿಯುವ ಹುಮ್ಮಸ್ಸು ಹುಟ್ಟಿದ ಆ ವರ್ಷಗಳಲ್ಲೇ ಅವರದೇ ವಯಸ್ಸಿನ, ಅವರದೇ ವೇಗದ ಒಬ್ಬ ಕನ್ನಡದ ನಾಯಕ ತೆರೆಯ ಮೇಲಿದ್ದ. ರಾಜ್‌ಕುಮಾರ್ ‘ಅಣ್ಣಾವ್ರು’, ಹಿರಿಯರು. ಇವರು ‘ಶಂಕ್ರಣ್ಣ’, ಹೆಗಲ ಮೇಲೆ ಕೈ ಹಾಕಬಹುದಾದ ಅಣ್ಣ. ನವೆಂಬರ್ 1 ರಾಜ್ಯೋತ್ಸವ, 9 ಶಂಕರ್ ನಾಗ್ ಹುಟ್ಟುಹಬ್ಬ. ಆಟೋ ಸಂಘದವರು ಕಟ್ಟಿದ ಹಳದಿ ಕೆಂಪು ಪತಾಕೆಯ ಕೆಳಗೇ ಎರಡು ಆಚರಣೆಗಳೂ ನಡೆದುಬಿಡುತ್ತವೆ.

1990ರ ಸೆಪ್ಟೆಂಬರ್ 30ರ ನಸುಕು. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆ ಬಾಗಲಕೋಟೆ ಸೀಮೆಯ ಲೋಕಾಪುರಕ್ಕೆ ಹೊರಟಿದ್ದರು. ದಾವಣಗೆರೆಗೆ ಮುನ್ನ ಆನಗೋಡಿನ ಬಳಿ ಕಾರು ಲಾರಿಗೆ ಡಿಕ್ಕಿ ಹೊಡೆಯಿತು. ಜೊತೆಗಿದ್ದ ಅರುಂಧತಿ ಮತ್ತು ಮಗಳು ಬದುಕುಳಿದರು. ಶಂಕರ್ ನಾಗ್ ಉಳಿಯಲಿಲ್ಲ. ಅವರಿಗಾಗ ಮೂವತ್ತೈದು ವರ್ಷ. ಆ ಹೆದ್ದಾರಿಯೇ ಮುಂದೆ ರಾಣೆಬೆನ್ನೂರು, ಹಾವೇರಿ ದಾಟಿ ಹುಬ್ಬಳ್ಳಿಗೆ ಬರುವುದು. ರಾತ್ರಿಯೆಲ್ಲ ಆ ದಾರಿಯಲ್ಲಿ ಗಾಡಿ ಓಡಿಸುವ ಈ ಭಾಗದ ಚಾಲಕರಿಗೆ ಆ ಸಾವು ಪತ್ರಿಕೆಯ ಸುದ್ದಿಯಷ್ಟೇ ಆಗಿರಲಿಲ್ಲ. ಅದು ಅವರ ವೃತ್ತಿಯ ಅಪಾಯ, ಅವರ ಮನೆಯವರು ದಿನವೂ ಹೆದರುವ ಸಾವು. ಅದಕ್ಕೇ ಚಿಕ್ಕ ವಯಸ್ಸಿನ ಸಾವು ಎಂಬ ಉತ್ತರ ಸಾಲದು ಎಂದು ಮೊದಲೇ ಹೇಳಿದ್ದು. ಎಲ್ಲಿ, ಹೇಗೆ ಎಂಬುದೂ ಇಲ್ಲಿ ಮುಖ್ಯ.

‘ಸುಂದರಕಾಂಡ’ದಂಥ ಚಿತ್ರ ಅವರು ಹೋದ ಮೇಲೆ, 1991ರಲ್ಲಿ ತೆರೆಗೆ ಬಂದಿತು. 1994ರಲ್ಲಿ ಉದಯ ಟಿವಿ ಆರಂಭವಾಗಿ ಹಳೆಯ ಕನ್ನಡ ಚಿತ್ರಗಳು ದಿನವೂ ಮನೆಯೊಳಗೆ ಬರತೊಡಗಿದವು. ಟೆಂಟುಗಳು ಮುಚ್ಚುತ್ತಿದ್ದ ಕಾಲಕ್ಕೆ ಸರಿಯಾಗಿ ಟಿವಿ ಆ ಜಾಗ ಹಿಡಿಯಿತು, ಈಗ ಮೊಬೈಲು ಹಿಡಿದಿದೆ. ಇತ್ತ ಅರುಂಧತಿ ನಾಗ್ ಛಲ ಬಿಡದೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ ಕಟ್ಟಿಸಿದರು. 2004ರಿಂದ ಅಲ್ಲಿ ನಾಟಕಗಳು ನಡೆಯುತ್ತಲೇ ಇವೆ.

ಆರಾಧನೆಗೆ ಒಂದು ಕೆಟ್ಟ ಗುಣವಿದೆ, ಅದು ಮನುಷ್ಯನನ್ನು ಚಿಕ್ಕದು ಮಾಡುತ್ತದೆ. ಇತ್ತೀಚೆಗೆ ಸಾಮಾಜಿಕ ಜಾಲತಾಣಗಳಲ್ಲಿ ಶಂಕರ್ ನಾಗ್ ಎಂದರೆ ಬೆಂಗಳೂರಿಗೆ ಮೆಟ್ರೋ ಬೇಕೆಂದು ಅಂದೇ ಹೇಳಿದವರು, ನಂದಿಬೆಟ್ಟಕ್ಕೆ ರೋಪ್‌ವೇ ಕನಸು ಕಂಡವರು ಎಂಬ ಮಾತುಗಳೇ ಸುತ್ತುತ್ತವೆ. ಅವರಿಗೆ ಅಂಥ ಯೋಚನೆಗಳಿದ್ದದ್ದು ನಿಜ. ಆದರೆ ಅವರ ಕಾಲದಲ್ಲಿ ನಡೆಯದ ಯೋಜನೆಗಳಿಗಾಗಿ ಅವರನ್ನು ಹೊಗಳುತ್ತ, ಮಾಡಿ ಮುಗಿಸಿದ ಕೆಲಸವನ್ನು ನೋಡದೆ ಬಿಡುವುದು ನನಗೆ ನೋವಿನ ಸಂಗತಿ. ಗಾಜಿನ ಮೇಲಿನ ಚಿತ್ರವನ್ನು ಟೇಪು ಹಚ್ಚಿ ಕಾಪಾಡುವ ಹುಡುಗನಿಗೆ ‘ಆಕ್ಸಿಡೆಂಟ್’ ಎಂಬ ಚಿತ್ರ ಇರುವುದೇ ಗೊತ್ತಿರಲಿಲ್ಲ. ಅವನಂಥವರ ಪರವಾಗಿಯೇ ಮಾಡಿದ ಚಿತ್ರ ಅದು. ಅತ್ತ ‘ಆಕ್ಸಿಡೆಂಟ್’ ಕುರಿತು ಭಾಷಣ ಮಾಡುವವರು ‘ಆಟೋರಾಜ’ನನ್ನು ನೋಡುವ ಗೋಜಿಗೆ ಹೋಗುವುದಿಲ್ಲ.

ಹೊಸದಾಗಿ ನೋಡಲು ಹೊರಡುವವರಿಗೆ ಒಂದು ಕ್ರಮ ಸೂಚಿಸುತ್ತೇನೆ. ಬಿಡುಗಡೆಯ ವರ್ಷದ ಪ್ರಕಾರ ಹೋಗಬೇಡಿ. ಮೊದಲು ‘ಆಟೋರಾಜ’ ನೋಡಿ, ಮರುದಿನವೇ ‘ಮಿಂಚಿನ ಓಟ’ ನೋಡಿ. ಒಂದೇ ವರ್ಷದ ಈ ಎರಡು ಚಿತ್ರಗಳಲ್ಲಿ ಅದೇ ನಟ ಗಾಡಿಯ ಹ್ಯಾಂಡಲನ್ನೂ ಸ್ಟೇರಿಂಗನ್ನೂ ಹಿಡಿಯುವ ಕೈಗಳನ್ನು ಗಮನಿಸಿ. ಆಮೇಲೆ ‘ಸಾಂಗ್ಲಿಯಾನ’, ಅದರ ಬೆನ್ನಿಗೇ ‘ಆಕ್ಸಿಡೆಂಟ್’. ಒಂದರಲ್ಲಿ ಅಧಿಕಾರ ಕೈಯಲ್ಲಿರುವ ನಾಯಕ, ಇನ್ನೊಂದರಲ್ಲಿ ಅಧಿಕಾರದ ಎದುರು ಪೆನ್ನು ಮಾತ್ರ ಉಳಿದ ನಾಯಕ. ಇವು ನಾಲ್ಕು ಮುಗಿದ ಮೇಲೆ ‘ಒಂದಾನೊಂದು ಕಾಲದಲ್ಲಿ’ಗೆ ಬನ್ನಿ. ಅಷ್ಟು ಹೊತ್ತಿಗೆ ಸಂಬಳಕ್ಕೆ ಕತ್ತಿ ಹಿಡಿದ ಗಂಡುಗಲಿ ನಿಮಗೆ ಹೊಯ್ಸಳರ ಕಾಲದವನೆಂದು ಅನಿಸುವುದಿಲ್ಲ. ‘ಗೀತಾ’ವನ್ನು ಯಾವಾಗ ಬೇಕಾದರೂ ನೋಡಬಹುದು, ಅದಕ್ಕೆ ಕ್ರಮ ಬೇಕಿಲ್ಲ.